ಬೆಲ್ಲನನ್ನು ಮಾರಿ, ಆದರೆ ಮಗಳಿಗೆ ಹೇಳದೆ ಬೇಡ

ಅಕ್ಕಾ, ನಾವು ಹಾಸನದ ಕಡೆಯವರು. ಇಂಗ್ಲೆಂಡಿಗೆ ಬಂದು 16 ವರ್ಷವಾಯಿತು. ಒಬ್ಬಳೇ ಮಗಳು, 13 ವರ್ಷ. ಅವಳಿಗೆ ಒಂಬತ್ತಾಗಿದ್ದಾಗ ಒಂದು ಪೋನಿ, ಅಂದರೆ ಗಿಡ್ಡ ಜಾತಿಯ ಕುದುರೆ, ಕೊಡಿಸಿದೆವು. ವೆಲ್ಷ್ ತಳಿ, 12.2 ಹ್ಯಾಂಡ್ ಎತ್ತರ, ಈಗ ಅದಕ್ಕೆ 14 ವರ್ಷ. ಇಲ್ಲಿ ಕುದುರೆಗಳಿಗೂ ಗುರುತಿನ ಪಾಸ್‌ಪೋರ್ಟ್ ಇರುತ್ತದೆ, ಅದರಲ್ಲಿ ಉದ್ದನೆಯ ಹೆಸರಿದೆ. ನೋಡಲು ಬಂದ ನಮ್ಮತ್ತೆ ಅದರ ಬಣ್ಣ ಕಂಡು ‘ಬೆಲ್ಲ’ ಅಂದರು, ಅದೇ ಉಳಿಯಿತು. ಬೆಲ್ಲನ ಮೇಲೆ ಕೂತು ಜಂಪಿಂಗ್‌ನಲ್ಲಿ ಗೆದ್ದ ಕೆಂಪು ರೋಸೆಟ್‌ಗಳು, ಬಹುಮಾನದ ರಿಬ್ಬನ್ ಹೂಗಳು, ಮಗಳ ರೂಮಿನ ಒಂದು ಗೋಡೆ ತುಂಬ ಇವೆ. ಒಂದು ವರ್ಷದಲ್ಲಿ ಅವಳು ನಾಲ್ಕು ಇಂಚು ಬೆಳೆದಿದ್ದಾಳೆ, ಇನ್ನು ದೊಡ್ಡ ಕುದುರೆ ಬೇಕು. ಗೆಲ್ಲುತ್ತಿರುವಾಗಲೇ ಮಾರಿದರೆ ಬೆಲೆ ಬರುತ್ತದೆ ಅಂತ ಕೋಚ್ ಹೇಳುತ್ತಾರೆ. ಎರಡೆರಡು ಸಾಕುವ ಶಕ್ತಿ ನಮಗಿಲ್ಲ. ಮಾತೆತ್ತಿದರೆ ಮಗಳು ರೂಮಿನ ಬಾಗಿಲು ಹಾಕಿಕೊಳ್ಳುತ್ತಾಳೆ. ರಾತ್ರಿ ಊಟವನ್ನೂ ಕಡಿಮೆ ಮಾಡಿದ್ದಾಳೆ. ಪೋನಿಗಳನ್ನು ಕೊಂಡು ಮಾರುವ ಒಬ್ಬರು ಒಳ್ಳೆಯ ಬೆಲೆ ಹೇಳಿದ್ದಾರೆ. ಬೆಲ್ಲನನ್ನು ಕಟ್ಟುವ ಲಾಯದ ಯಾರ್ಡಿನಲ್ಲೇ ಎಂಟು ವರ್ಷದ ಹುಡುಗಿಯೊಬ್ಬಳ ಅಪ್ಪ ಅಮ್ಮನೂ ಕೇಳುತ್ತಿದ್ದಾರೆ, 1,500 ಪೌಂಡ್ ಕಡಿಮೆಗೆ. ಮಾರದೆ ಬೇರೆಯವರಿಗೆ ಸಾಕಲು ಲೋನ್ ಮೇಲೆ ಕೊಡಬಹುದು ಅಂತಲೂ ಕೆಲವರು ಹೇಳಿದರು. ಆಗಸ್ಟಿನಲ್ಲಿ ಮಗಳು ಅಜ್ಜಿಯ ಹತ್ತಿರ ಊರಿಗೆ ಹೋಗುತ್ತಾಳೆ. ಆಗಲೇ ಕೊಟ್ಟುಬಿಡೋಣ, ಅವಳು ಅಳುವುದನ್ನು ನೋಡಲು ನನ್ನಿಂದಾಗದು ಅಂತಾರೆ ನಮ್ಮ ಯಜಮಾನರು. ಇನ್ನೊಂದು ವಿಷಯ. ಹೋದ ವರ್ಷ ಏಪ್ರಿಲ್‌ನಲ್ಲಿ ಬೆಲ್ಲನಿಗೆ ಲ್ಯಾಮಿನೈಟಿಸ್ ಎಂಬ ಗೊರಸಿನ ಕಾಯಿಲೆ ಬಂದು ವಾಸಿಯಾಯಿತು. ಅದನ್ನು ಬಾಯಿ ಬಿಡಬೇಡಿ ಅಂದಿದ್ದಾರೆ ಕೋಚ್. ಏನು ಮಾಡಲಿ?

ತಂಗೀ,

ಬೆಲೆ, ಎತ್ತರ, ಕೋಚ್ ಹೇಳಿದ್ದು, ಯಜಮಾನರು ಹೇಳಿದ್ದು ಎಲ್ಲವನ್ನೂ ಬಿಡಿಸಿ ಬರೆದಿದ್ದೀರಿ. ನಡುವೆ ಒಂದು ಪುಟ್ಟ ಸಾಲು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ: ‘ರಾತ್ರಿ ಊಟವನ್ನೂ ಕಡಿಮೆ ಮಾಡಿದ್ದಾಳೆ.’ ನನಗೆ ಆ ಸಾಲು ದಾಟಿ ಹೋಗಲಾಗಲಿಲ್ಲ. ಪೋನಿಯ ಮಾತು ಆಮೇಲೆ, ಮೊದಲು ಇದು.

ಬೇಜಾರಿಗೆ ಊಟ ಸೇರದೆ ಇರಬಹುದು. ಆದರೆ ಅವಳ ಜಾಗದಲ್ಲಿ ಒಂದು ಗಳಿಗೆ ನಿಂತು ನೋಡಿ. ‘ಈ ಪೋನಿಗೆ ನೀನು ದೊಡ್ಡವಳಾದೆ’ ಎಂಬ ಮಾತನ್ನು ಯಾರ್ಡಿನಲ್ಲಿ ಕೇಳಿದ್ದಾಳೆ, ಮನೆಯಲ್ಲಿ ಕೇಳಿದ್ದಾಳೆ. ಅಲ್ಲಿನ ಮಾರಾಟದ ಜಾಹೀರಾತುಗಳಲ್ಲಿ ದಿನವೂ ಕಾಣುವ ಮಾತೊಂದಿದೆ, ‘ಸ್ಯಾಡ್ಲಿ ಔಟ್‌ಗ್ರೋನ್’ ಅಂತ. ಮಗು ಬೆಳೆದದ್ದೇ ದುಃಖದ ಸಂಗತಿ ಎಂಬ ಹಾಗೆ. ಹದಿಮೂರರ ಹುಡುಗಿ ಇದನ್ನು ಹೇಗೆ ಅರ್ಥ ಮಾಡಿಕೊಂಡಾಳು? ನಾನು ಬೆಳೆಯದಿದ್ದರೆ ಬೆಲ್ಲ ಉಳಿಯುತ್ತಾನೆ ಅಂತ. ತಟ್ಟೆಯಲ್ಲಿ ಅನ್ನ ಬಿಡುತ್ತಿರುವುದು ಆ ಲೆಕ್ಕದ ಮೇಲೆಯೇ ಇರಬಹುದು ಎಂಬುದು ನನ್ನ ಭಯ.

ಹಾಗಾಗಿ ಈ ವಾರವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಊಟ ಯಾವಾಗಿನಿಂದ ಕಡಿಮೆಯಾಗಿದೆ, ಮುಟ್ಟು ಶುರುವಾಗಿದ್ದರೆ ಸರಿಯಾಗಿ ಬರುತ್ತಿದೆಯೇ, ಎರಡನ್ನೂ ಹೇಳಿ. ಮನೆಯಲ್ಲಿ ಗದರಬೇಡಿ, ತಟ್ಟೆಯ ಮುಂದೆ ಕಾವಲು ಕೂರಬೇಡಿ. ಎಲ್ಲರೂ ಒಟ್ಟಿಗೆ ಕೂತು ಉಣ್ಣಿ. ಅವಳ ತೂಕವನ್ನು ನೀವು ನನಗೆ ಬರೆದಿಲ್ಲ, ಒಳ್ಳೆಯದಾಯಿತು. ಅವಳ ಕಿವಿಗೂ ಆ ಅಂಕಿ ಬೀಳದಿರಲಿ.

ಮಾರಬೇಕೇ ಎಂದರೆ, ಹೌದು, ಮಾರಬೇಕು. ನಾನು ಕುದುರೆ ಬಲ್ಲವಳಲ್ಲ. ಅದಕ್ಕೇ ಅಲ್ಲಿ ಪಶುವೈದ್ಯೆಯಾಗಿರುವ ನನ್ನ ತಂಗಿಯ ಮಗಳಿಗೆ ಫೋನ್ ಮಾಡಿ ಒಂದು ಗಂಟೆ ಮಾತಾಡಿದೆ. ಒಂದು ಹ್ಯಾಂಡ್ ಅಂದರೆ ನಾಲ್ಕು ಇಂಚು. 12.2 ಅಂದರೆ 12 ಹ್ಯಾಂಡ್ ಮೇಲೆ ಎರಡು ಇಂಚು, ಒಟ್ಟು 50 ಇಂಚು, 127 ಸೆಂಟಿಮೀಟರ್. ಅದೂ ಹೆಗಲಿನವರೆಗೆ, ಕತ್ತು ತಲೆ ಲೆಕ್ಕಕ್ಕಿಲ್ಲ. ಅಷ್ಟು ಎತ್ತರದ ಪೋನಿ 260 ಕಿಲೋ ಇದೆ ಎಂದುಕೊಳ್ಳಿ. ಸವಾರರು, ಜೀನು, ಹೆಲ್ಮೆಟ್, ಬೂಟು ಎಲ್ಲ ಸೇರಿ ಅದರ ತೂಕದ ಶೇಕಡಾ 20 ದಾಟಬಾರದು ಎಂಬುದು ಅಲ್ಲಿ ರೂಢಿಯಲ್ಲಿರುವ ಮಿತಿ. 52 ಕಿಲೋ ಆಯಿತು. ಜಿಗಿಯುವ ಪ್ರಾಣಿಗೆ ಅದಕ್ಕಿಂತ ಎಷ್ಟು ಕಡಿಮೆಯಿದ್ದರೆ ಅಷ್ಟು ಒಳ್ಳೆಯದು.

ಈ ಲೆಕ್ಕ ನಿಮಗೆ, ಅವಳಿಗಲ್ಲ. ಅವಳಿಗೆ ಮೂಳೆಯ ಮಾತು ಹೇಳಿ. ಮಂಡಿ ಜೀನಿನ ಅಂಚು ದಾಟಿ ಮುಂದೆ ಬರುತ್ತಿದೆ, ಪಾದ ಬೆಲ್ಲನ ಹೊಟ್ಟೆಗಿಂತ ಕೆಳಗೆ ತೂಗುತ್ತಿದೆ. ಹಾರುವಾಗ ಅವಳು ಮುಂದಕ್ಕೆ ಬಾಗಿದರೆ ಅವನ ಸಮತೋಲ ತಪ್ಪುತ್ತದೆ, ಹಾರಲು ಅಡ್ಡ ಇಟ್ಟ ಗಳು ಉರುಳುತ್ತದೆ. ಎಷ್ಟು ಹೊತ್ತಿನ ಊಟ ಬಿಟ್ಟರೂ ತೊಡೆಯ ಮೂಳೆ ಗಿಡ್ಡವಾಗುವುದಿಲ್ಲ ಎನ್ನುವುದನ್ನು ಅವಳು ನಿಮ್ಮ ಬಾಯಿಂದಲೇ ಕೇಳಬೇಕು. ಅಲ್ಲಿನ ಸ್ಪರ್ಧೆಗಳಲ್ಲಿ 128, 138, 148 ಸೆಂಟಿಮೀಟರ್ ಅಂತ ಪೋನಿಗಳನ್ನು ಬೇರೆ ಬೇರೆ ಮಾಡಿ, ಸವಾರ ಮಕ್ಕಳ ವಯಸ್ಸಿಗೂ ಮಿತಿ ಇಟ್ಟಿರುವುದು ಯಾಕೆ? ಮಕ್ಕಳು ಬೆಳೆಯುತ್ತಾರೆ ಅಂತ ಮೊದಲೇ ಗೊತ್ತಿದ್ದದ್ದರಿಂದ. ಇವಳ ತಪ್ಪೇನೂ ಇಲ್ಲ.

‘ಸವಾರಿ ಬಿಡುತ್ತೇನೆ, ಸುಮ್ಮನೆ ಇಟ್ಟುಕೊಳ್ಳೋಣ’ ಎಂದು ಅವಳು ಕೇಳಬಹುದು. ದುಡ್ಡಿನ ಮಾತು ಒತ್ತಟ್ಟಿಗಿರಲಿ. ಲ್ಯಾಮಿನೈಟಿಸ್ ಆದ ಪೋನಿ ಕೆಲಸವಿಲ್ಲದೆ ಹಸಿರು ಹುಲ್ಲಿನಲ್ಲಿ ನಿಂತು ಕೊಬ್ಬಿದರೆ ಅದೇ ಕಾಯಿಲೆ ಮರಳುತ್ತದೆ. ಇಂಥ ಪೋನಿಗಳು 25, 30 ವರ್ಷ ಬದುಕುವುದುಂಟು. ಬೆಲ್ಲನಿಗಿನ್ನೂ ದಿನಗಳಿವೆ, ಅವನಿಗೊಂದು ಪುಟ್ಟ ಹುಡುಗಿ ಬೇಕು.

ಇನ್ನು ನಿಮ್ಮ ಯಜಮಾನರ ಆಗಸ್ಟಿನ ಯೋಚನೆ. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ, ಅನುಮಾನವಿಲ್ಲ. ನಮ್ಮಪ್ಪನೂ ಹಾಗೇ ಅಂದುಕೊಂಡಿದ್ದ.

ನಮ್ಮದು ದೊಡ್ಡಬಳ್ಳಾಪುರದ ಸೀಮೆ. ತಾಯಿ ಸತ್ತ ಹಳ್ಳಿಕಾರ್ ಕರುವೊಂದನ್ನು ನಾನು ಹಾಲಿನಲ್ಲಿ ಅದ್ದಿದ ಬೆರಳು ಚೀಪಿಸಿ ಚೀಪಿಸಿ ಬೆಳೆಸಿದ್ದೆ. ಎರಡು ಹಲ್ಲು ಹಾಕಿ ಹೋರಿಯಾಗಿದ್ದ. ನನಗಾಗ ಹನ್ನೊಂದು. ಅವರೆಕಾಯಿ ಕಾಲ, ಘಾಟಿ ಸುಬ್ರಹ್ಮಣ್ಯದಲ್ಲಿ ದನಗಳ ಜಾತ್ರೆ ಸೇರಿತ್ತು. ಆ ಸಂಜೆ ಸ್ಕೂಲಿಂದ ಬರುತ್ತಾ ಪಕ್ಕದ ಮನೆಯಲ್ಲಿ ಬಿಡಿಸಿ ಹಾಕಿದ್ದ ಅವರೆ ಸಿಪ್ಪೆಯನ್ನು ಲಂಗದ ಮಡಿಲಿಗೆ ತುಂಬಿಕೊಂಡು ಸೀದಾ ಕೊಟ್ಟಿಗೆಗೆ ಹೋದೆ. ಗೂಟ ಇತ್ತು. ಗೂಟದ ಸುತ್ತ ಅವನು ತುಳಿದು ತುಳಿದು ನುಣ್ಣಗೆ ಮಾಡಿದ್ದ ನೆಲ ಇತ್ತು. ಅಮ್ಮ ಒಲೆ ಕಡೆಯಿಂದ ಮುಖ ತಿರುಗಿಸಲಿಲ್ಲ. ಮಾರನೇ ರಾತ್ರಿ ಅಪ್ಪ ಜಾತ್ರೆಯ ಕಡ್ಲೆಪುರಿ, ಬತ್ತಾಸು ತಂದು ನನ್ನ ಮುಂದಿಟ್ಟು, ಏನೂ ಹೇಳದೆ ಕೈಕಾಲು ತೊಳೆಯಲು ಹೋದ.

ಆ ವರ್ಷ ರಾಗಿ ಕೈಕೊಟ್ಟಿತ್ತು, ಅಪ್ಪ ಮಾರಿದ್ದು ತಪ್ಪಲ್ಲ. ಹೇಳಿದ್ದರೆ ಅಳುತ್ತಿದ್ದೆ, ಖಂಡಿತ. ಆದರೆ ಅಪ್ಪನ ಹಿಂದೆ ಜಾತ್ರೆಗೂ ಹೋಗುತ್ತಿದ್ದೆ. ಟವೆಲ್ ಅಡಿಯಲ್ಲಿ ಬೆರಳು ಹಿಡಿದು ವ್ಯಾಪಾರ ಮಾಡುವಾಗ ಪಕ್ಕದಲ್ಲಿ ನಿಂತಿರುತ್ತಿದ್ದೆ, ಕೊಂಡವನ ಮುಖ ನೋಡುತ್ತಿದ್ದೆ. ‘ಇವನಿಗೆ ಅವರೆ ಸಿಪ್ಪೆ ಅಂದ್ರೆ ಪ್ರಾಣ, ಹಾಕಿ’ ಅಂತ ಅವನಿಗೆ ಹೇಳುತ್ತಿದ್ದೆ. ಆ ಒಂದು ಮಾತು ಹೇಳಲಾಗಲಿಲ್ಲ. ಎಷ್ಟೋ ವರ್ಷ, ಜಾತ್ರೆಗೆ ಹೋದಾಗೆಲ್ಲ, ಕಟ್ಟಿದ ಹೋರಿಗಳ ಮುಖ ಒಂದೊಂದಾಗಿ ನೋಡುತ್ತಾ ಸಾಲಿನ ಕೊನೆಯವರೆಗೂ ನಡೆದಿದ್ದೇನೆ. ಅಪ್ಪ ತೀರಿಕೊಳ್ಳುವವರೆಗೂ ನಾವಿಬ್ಬರೂ ಅದರ ಮಾತೆತ್ತಲಿಲ್ಲ.

ನಿಮ್ಮ ಮಗಳು ಅಳಲಿ. ಅಪ್ಪನ ಮುಂದೆಯೇ ಅಳಲಿ. ಅದನ್ನು ನೋಡುವುದು ಅವರಿಗೆ ಕಷ್ಟ, ಆದರೆ ಆ ಕಷ್ಟ ಅವರೇ ಪಡಬೇಕು, ಮಗಳ ತಲೆಗೆ ದಾಟಿಸಬಾರದು.

ಮಾರುವ ಕೆಲಸವನ್ನು ಅವಳ ಕೈಗೇ ಕೊಡಿ. ಬೇಡ ಅನ್ನುವ ಅಧಿಕಾರ ಇಲ್ಲ, ಅದನ್ನು ಸ್ಪಷ್ಟವಾಗಿ ಹೇಳಿ. ಕೊಡುವುದು ಖಂಡಿತ, ಯಾರಿಗೆ, ಹೇಗೆ ಎನ್ನುವುದರಲ್ಲಿ ನಿನ್ನ ಮಾತು ನಡೆಯುತ್ತದೆ ಅಂತ. ನೋಡಲು ಬಂದವರಿಗೆ ಬೆಲ್ಲನನ್ನು ಅವಳೇ ಹಿಡಿದು ನಡೆಸಿ ತೋರಿಸಲಿ. ಅವನ ಗುಣಗಳನ್ನೆಲ್ಲ ಅವಳೇ ಒಂದು ನೋಟ್‌ಬುಕ್ಕಿನಲ್ಲಿ ಬರೆಯಲಿ. ಯಾವ ಸದ್ದಿಗೆ ಬೆದರುತ್ತಾನೆ, ಯಾವ ಕಾಲು ಎತ್ತಿಸಲು ಸತಾಯಿಸುತ್ತಾನೆ, ಟ್ರೈಲರ್ ಹತ್ತಿಸಲು ಏನು ಆಸೆ ತೋರಿಸಬೇಕು, ಎಲ್ಲಿ ಕೆರೆದರೆ ತುಟಿ ಅಲ್ಲಾಡಿಸುತ್ತಾ ನಿಲ್ಲುತ್ತಾನೆ. ಇವು ನಿಮಗೂ ಗೊತ್ತಿಲ್ಲ, ಕೋಚ್‌ಗೂ ಗೊತ್ತಿಲ್ಲ.

ಲ್ಯಾಮಿನೈಟಿಸ್ ವಿಷಯ ಅದೇ ನೋಟ್‌ಬುಕ್ಕಿನ ಮೊದಲ ಪುಟದಲ್ಲಿರಬೇಕು. ಇಲ್ಲಿ ಕೋಚ್ ಮಾತು ಕೇಳಬೇಡಿ. ಗೊರಸನ್ನು ಒಳಗಿನ ಮೂಳೆಗೆ ಹಿಡಿದಿಡುವ ಪದರ ಊದಿಕೊಳ್ಳುವ ಕಾಯಿಲೆ ಅದು. ಹೆಜ್ಜೆ ಹೆಜ್ಜೆಗೂ ನೋವು, ಕೈಮೀರಿದರೆ ಮೂಳೆಯೇ ಕೆಳಕ್ಕೆ ಕುಸಿಯುತ್ತದೆ. ಒಮ್ಮೆ ಬಂದ ಪ್ರಾಣಿಗೆ ಮತ್ತೆ ಬರುವ ಸಂಭವ ಹೆಚ್ಚು. ವಸಂತದ ಹೊಸ ಹುಲ್ಲಿನಲ್ಲಿ ಸಕ್ಕರೆ ಜಾಸ್ತಿ, ಆಗ ಮೇವು ಹಿಡಿತದಲ್ಲಿಡಬೇಕು, ಇಲ್ಲವೇ ಬಾಯಿಕುಕ್ಕೆ ಹಾಕಿ ಬಿಡಬೇಕು. ನಮ್ಮ ಕಡೆ ಕಣ ತುಳಿಸುವಾಗ ಎತ್ತಿನ ಬಾಯಿಗೆ ಕಟ್ಟುತ್ತಾರಲ್ಲ, ಅಂಥದ್ದೇ. ಇದು ಗೊತ್ತಿಲ್ಲದ ಹೊಸ ಮನೆಯವರು ಏಪ್ರಿಲ್‌ನಲ್ಲಿ ಪ್ರೀತಿಯಿಂದಲೇ ಅವನನ್ನು ಹುಲ್ಲಿಗೆ ಬಿಡುತ್ತಾರೆ. ನೀವು ಮುಚ್ಚಿಟ್ಟದ್ದನ್ನು ಬೆಲ್ಲ ನಾಲ್ಕು ಕಾಲಿನಲ್ಲಿ ಅನುಭವಿಸಬೇಕು. ಬೆಲೆ ಸ್ವಲ್ಪ ಇಳಿದೀತು, ಇಳಿಯಲಿ. ಕೊಳ್ಳುವವರು ವೈದ್ಯರಿಂದ ಐದು ಹಂತದ ಪರೀಕ್ಷೆ ಮಾಡಿಸುತ್ತೇವೆ ಅಂದರೆ ಸಂತೋಷದಿಂದ ಒಪ್ಪಿ. ನೋವಿನ ಮದ್ದು ಕೊಟ್ಟು ಮರೆಮಾಚಿಲ್ಲ ಎನ್ನಲು ರಕ್ತದ ಮಾದರಿಯನ್ನೂ ತೆಗೆದು ಆರು ತಿಂಗಳು ಇಡುತ್ತಾರಂತೆ. ನಿಮಗೂ ಅದು ನೆಮ್ಮದಿ.

ಕಾಗದಪತ್ರದ ವಿಷಯ ನಿಮಗೆ ಗೊತ್ತೇ ಇರಬೇಕು. ಪಾಸ್‌ಪೋರ್ಟ್ ಇಲ್ಲದೆ ಮಾರುವಂತಿಲ್ಲ, ಇಂಗ್ಲೆಂಡಿನಲ್ಲಿ 2020ರ ಅಕ್ಟೋಬರಿನಿಂದ ಮೈಕ್ರೋಚಿಪ್ ಕೂಡ ಕಡ್ಡಾಯ. ಕೊಂಡವರು 30 ದಿನದೊಳಗೆ ತಮ್ಮ ಹೆಸರು ಬದಲಾಯಿಸಿಕೊಳ್ಳಬೇಕು. ಒಂದು ಚೀಟಿಯಲ್ಲಿ ಬೆಲೆ, ದಿನ, ಅವನ ಆರೋಗ್ಯ, ಎಲ್ಲ ಬರೆದು ಇಬ್ಬರೂ ಸಹಿ ಮಾಡಿ.

ಯಾರಿಗೆ ಕೊಡುವುದು? 1,500 ಪೌಂಡ್ ಸಣ್ಣ ಮೊತ್ತವಲ್ಲ, ಅದಿಲ್ಲದೆ ಮುಂದಿನ ಕುದುರೆ ಇನ್ನೊಂದು ವರ್ಷ ತಡವಾಗಬಹುದು. ಆದರೂ ನಾನಾಗಿದ್ದರೆ ಆ ಎಂಟು ವರ್ಷದ ಹುಡುಗಿಯ ಮನೆಗೇ ಕೊಡುತ್ತಿದ್ದೆ. ಕೊಂಡು ಮಾರುವವರು ಕೆಟ್ಟವರು ಅಂತಲ್ಲ. ಅವರ ಕೈಯಿಂದ ಅವನು ಎಲ್ಲಿಗೆ ಹೋದ ಎಂದು ನಿಮಗೆ ತಿಳಿಯುವುದಿಲ್ಲ, ನಿಮ್ಮ ಮಗಳು ಬರೆದ ನೋಟ್‌ಬುಕ್ ಮುಂದಿನ ಮನೆ ತಲುಪುತ್ತದೆ ಎಂಬ ಖಾತ್ರಿಯೂ ಇಲ್ಲ. ಈ ಮನೆಯವರನ್ನು ‘ಮುಂದೆ ಮಾರುವಾಗ ಮೊದಲು ನಮಗೆ ಹೇಳಿ’ ಎಂದು ಕೇಳಿಕೊಳ್ಳಿ, ಚೀಟಿಯಲ್ಲೂ ಬರೆಸಿ. ಅದು ಕೋರ್ಟಿನಲ್ಲಿ ಎಷ್ಟು ನಿಂತೀತೋ, ಒಂದೇ ಯಾರ್ಡಿನವರ ನಡುವೆ ಮಾತಿಗೆ ಬೆಲೆ ಇರುತ್ತದೆ. ಮಗಳನ್ನೂ ಸಿದ್ಧಪಡಿಸಿ. ನಾಳೆ ಅದೇ ಯಾರ್ಡಿನಲ್ಲಿ ಬೇರೆ ಹುಡುಗಿ ಅವನ ಮೇಲೆ ಕೂತಿರುತ್ತಾಳೆ, ಅವನು ಅವಳನ್ನು ನೋಡಿಯೂ ಕೆನೆಯುತ್ತಾನೆ. ಅದು ಚುಚ್ಚುತ್ತದೆ. ಮೊದಲ ಕೆಲವು ವಾರ ನಿಮ್ಮ ಮಗಳು ಯಾರ್ಡಿಗೆ ಬರುವುದಿಲ್ಲ ಅಂದರೆ ಬಲವಂತ ಬೇಡ.

ಲೋನ್ ಬೇಡ. ಕೆಲವರಿಗೆ ಅದು ಸರಿಹೋಗುತ್ತದೆ, ನಿಮಗಲ್ಲ. ಪೋನಿ ನಿಮ್ಮದೇ ಆಗಿ ಉಳಿಯುತ್ತದೆ, ಆ ಹುಡುಗಿಯೂ ಬೆಳೆದಾಗ ಬೆಲ್ಲ ಮತ್ತಷ್ಟು ಮುದುಕನಾಗಿ ಹಿಂದಕ್ಕೆ ಬರುತ್ತಾನೆ, ಆಗಲೂ ಸಾಕುವ ಶಕ್ತಿ ನಿಮಗಿರುವುದಿಲ್ಲ. ಅಲ್ಲಿಯವರೆಗೆ ನಿಮ್ಮ ಮಗಳು ಹೊಸ ಕುದುರೆಗೆ ಪೂರ್ತಿ ಮನಸ್ಸು ಕೊಡದೆ ಕಾಯುತ್ತಿರುತ್ತಾಳೆ.

ಬೆಲ್ಲ ಹೊಸ ಮನೆ ಸೇರಿ, ಅವಳು ಒಮ್ಮೆ ಹೋಗಿ ನೋಡಿ ಬಂದ ಮೇಲೆ ಅಜ್ಜಿಯ ಹತ್ತಿರ ಹೋಗಲಿ. ಬೇಕಾದರೆ ಊರಿನ ಟಿಕೆಟ್ ಮುಂದಕ್ಕೆ ಹಾಕಿಸಿ. ಹೆಸರಿಟ್ಟ ಅಜ್ಜಿ ಅವರೇ ಅಲ್ಲವೇ, ಮಗಳು ಬೆಲ್ಲನ ಮಾತು ಆಡಲು ಅವರಿಗಿಂತ ಒಳ್ಳೆಯವರು ಸಿಕ್ಕುವುದಿಲ್ಲ.

ಕೊಡುವ ದಿನ ಒಂದು ಕೆಲಸ ಮಾಡಿ. ನಮ್ಮ ಮನೆಯಲ್ಲಿ ಮಾರಿದ ದನದ ಜೊತೆ ಹಳೇ ಹಗ್ಗ ಕೊಡುತ್ತಿರಲಿಲ್ಲ, ಕೊಂಡವರು ತಂದ ಹೊಸ ಹಗ್ಗದಲ್ಲೇ ಹೊಡೆದುಕೊಂಡು ಹೋಗುತ್ತಿದ್ದರು. ಆ ಹುಡುಗಿಯ ಮನೆಯವರಿಗೆ ತಲೆಗೆ ಹಾಕುವ ಹೊಸ ಪಟ್ಟಿ (ಹೆಡ್‌ಕಾಲರ್), ಹೊಸ ಹಗ್ಗ ತರಲು ಮೊದಲೇ ಹೇಳಿಡಿ. ಹಳೆಯದನ್ನು ಬೆಲ್ಲನ ತಲೆಯಿಂದ ನಿಮ್ಮ ಮಗಳೇ ಬಿಚ್ಚಲಿ, ಮನೆಗೆ ತಂದು ರೋಸೆಟ್‌ಗಳ ಗೋಡೆಗೆ ತೂಗುಹಾಕಲಿ. ತೊಳೆಯಬೇಡಿ ಅದನ್ನು, ಅವನ ವಾಸನೆ ಇದ್ದಷ್ಟು ದಿನ ಇರಲಿ.