ಅಪ್ಪನ ಅಂಚೆ: ಮಳೆ ರಜೆ, ಮಾತಾಡದ ಮಗ, ತೋಟ ಬಿಡದ ಅಪ್ಪ

ಈ ಸಲ ಬಂದಿರೋ ಪತ್ರಗಳಲ್ಲಿ ಮುಕ್ಕಾಲು ಭಾಗ ಫೋನಿನ ಗೋಳೇ. ಪ್ರತಿ ಸಲ ಹೇಳ್ತೀನಿ, ನಾನು ಮನಶ್ಶಾಸ್ತ್ರ ಓದಿದೋನಲ್ಲ, ಕುಶಾಲನಗರದ ಒಂದು ಲೇಔಟಲ್ಲಿ ಸಾಲ ಮಾಡಿ ಮನೆ ಕಟ್ಕೊಂಡು ದಿನಾ ಮಡಿಕೇರಿಗೆ ಕೆಲಸಕ್ಕೆ ಹೋಗಿ ಬರೋ ಎರಡು ಮಕ್ಕಳ ಅಪ್ಪ. ಉತ್ತರ ಸರಿ ಹೋಗ್ಲಿಲ್ಲ ಅಂದ್ರೆ ಬೈದು ಬರೀರಿ, ಅದನ್ನೂ ಓದ್ತೀನಿ.

ಪ್ರಶ್ನೆ: ಜುಲೈ ಬಂತಂದ್ರೆ ಮಳೆ ರಜೆ ಶುರು. ನಾವಿಬ್ರೂ ಕೆಲಸಕ್ಕೆ ಹೋಗೋರು, ಮನೇಲಿ ನಮ್ಮತ್ತೆ ಮಾತ್ರ. ಮಕ್ಕಳು ಬೆಳಗ್ಗಿಂದ ರಾತ್ರಿವರೆಗೂ ಫೋನು. ಏನ್ ಮಾಡೋದು? (ಒಬ್ಬ ತಾಯಿ, ಕುಶಾಲನಗರ)

ನಮ್ಮೂರಿನ ತಮಾಷೆ ನಿಮಗೂ ಗೊತ್ತು ಮೇಡಂ. ಆ ಕಡೆ ಭಾಗಮಂಡಲದಲ್ಲಿ ಸಂಗಮ ತುಂಬಿ ರೋಡಿಗೆ ನೀರು ಬಂದಿರುತ್ತೆ, ಜಿಲ್ಲೆಗೆಲ್ಲ ರಜೆ ಅಂತ ಆರ್ಡರ್ ಬರುತ್ತೆ, ಈ ಕಡೆ ನಮ್ಮ ಟೆರೇಸಲ್ಲಿ ಬಟ್ಟೆ ಒಣಗ್ತಿರುತ್ತೆ. ಆದ್ರೂ 2018, 2019ರ ಆಗಸ್ಟಲ್ಲಿ ಕಾವೇರಿ ಇಲ್ಲಿನ ಲೇಔಟುಗಳಿಗೇ ನುಗ್ಗಿದ್ದನ್ನ ನೋಡಿದ ಮೇಲೆ ರಜೆ ಯಾಕೆ ಕೊಟ್ರು ಅಂತ ಗೊಣಗೋದನ್ನ ನಾನು ಬಿಟ್ಟಿದ್ದೀನಿ.

ನಮ್ಮನೇಲಿ ಆಗಿದ್ದು ಹೇಳ್ತೀನಿ. ಹೋದ ವರ್ಷ ರಾತ್ರಿ ಹತ್ತು ಗಂಟೆಗೆ ಗ್ರೂಪಲ್ಲಿ ರಜೆ ಆರ್ಡರ್ ಬಂತು, ಸೀಲು ಸಹಿ ಎಲ್ಲ ಇತ್ತು, ನಾವು ಅಲಾರಾಂ ಆಫ್ ಮಾಡಿ ಮಲಗಿದ್ವಿ, ಬೆಳಗ್ಗೆ ನೋಡಿದ್ರೆ ಅದು ಹಿಂದಿನ ವರ್ಷದ್ದು, ಸ್ಕೂಲ್ ವ್ಯಾನು ಗೇಟ್ ಮುಂದೆ ಹಾರ್ನ್ ಹೊಡೀತಿದೆ. ಅವತ್ತಿಂದ ನನ್ನ ಮಗಳಿಗೆ ರಜೆ ಆಫೀಸರ್ ಪೋಸ್ಟ್ ಕೊಟ್ವಿ. ಆರ್ಡರ್ ಬಂದ ತಕ್ಷಣ ತಾರೀಖು ನೋಡಿ, ಯಾವ ತಾಲ್ಲೂಕಿಗೆ, ಅಂಗನವಾಡಿಗೆ ಮಾತ್ರನಾ ಪಿಯುಸಿವರೆಗಾ ಅಂತ ಓದಿ ನಮಗೆ ಹೇಳೋದು ಅವಳ ಕೆಲಸ. ಈಗ ಅವಳು ಯಾವ ಫಾರ್ವರ್ಡನ್ನೂ ನಂಬಲ್ಲ, ನಾನು ಕಳಿಸಿದ್ದನ್ನೂ ಸೇರಿ.

ಫೋನಿಗೆ ಟೈಮ್ ಹಾಕಿ, ಬೇಡ ಅನ್ನಲ್ಲ. ಆದ್ರೆ ಆ ಕಾವಲು ಡ್ಯೂಟಿ ಮಾತ್ರ ನಿಮ್ಮತ್ತೆಗೆ ಹಾಕ್ಬೇಡಿ, ಅವರು ಮಕ್ಕಳಿಗೆ ಪೊಲೀಸ್ ಆಗಿಬಿಡ್ತಾರೆ. ಬದಲಿಗೆ ಅವರು ಮಾಡೋ ಒಂದು ಕೆಲಸಕ್ಕೆ ಮಕ್ಕಳನ್ನ ಕೂಲಿಗೆ ಕಳಿಸಿ. ಆಗಸ್ಟ್ 3ಕ್ಕೆ ಆಟಿ ಹದಿನೆಂಟು, ಅಂದ್ರೆ ಆಟಿ ತಿಂಗಳ ಹದಿನೆಂಟನೇ ದಿನ, ಅವತ್ತು ಮದ್ದುಸೊಪ್ಪು ಅನ್ನೋ ಔಷಧಿ ಸೊಪ್ಪು ಹುಡುಕಿ ತಂದು ಕುದಿಸಿ ಆ ನೇರಳೆ ನೀರಲ್ಲಿ ಪಾಯಸ ಮಾಡೋದನ್ನ ಅಜ್ಜಿ ಹತ್ರ ಕಲೀಲಿ. ಮಾರನೇ ದಿನ ಬಾತ್‌ರೂಮಲ್ಲಿ ಆ ಸೊಪ್ಪಿಂದ ಮೂತ್ರದ ಬಣ್ಣ ಬದಲಾಗಿದ್ದು ನೋಡಿ ಕಿರುಚಿಕೊಂಡು ನಗ್ತಾರಲ್ಲ, ಅಷ್ಟು ಖುಷಿ ಯಾವ ರೀಲ್ಸಲ್ಲೂ ಸಿಗಲ್ಲ.

ಪ್ರಶ್ನೆ: ಮಗಳಿಗೆ ಹನ್ನೊಂದು. ಕ್ಲಾಸಲ್ಲಿ "ಎಲ್ಲರಿಗೂ" ವಾಟ್ಸಾಪ್ ಇದೆಯಂತೆ, ಅವಳಿಗೂ ಬೇಕಂತೆ. (ಸೋಮವಾರಪೇಟೆ)

ವಾಟ್ಸಾಪಿನೋರ ರೂಲ್ಸಲ್ಲೇ ಹದಿಮೂರು ವರ್ಷ ಆಗ್ಬೇಕು ಅಂತ ಇದೆ, ಇನ್‌ಸ್ಟಾಗ್ರಾಮಿಗೂ ಅಷ್ಟೇ. ಆ "ಎಲ್ಲರ" ಹೆಸರು ಒಂದು ಚೀಟೀಲಿ ಬರ್ಕೊಂಡು ಬಾ ಅನ್ನಿ. ನಮ್ಮನೇಲಿ ನಾಲ್ಕೇ ಹೆಸರು ಬಂತು, ಅದ್ರಲ್ಲಿ ಎರಡು ಅವರಮ್ಮನ ನಂಬರು.

ಪ್ರಶ್ನೆ: ಮಗ ಹತ್ತನೇ ಕ್ಲಾಸು. ಮುಂಚೆ ನಾವಿಬ್ರೂ ಫ್ರೆಂಡ್ಸ್ ತರ ಇದ್ವಿ. ಈಗ ಏನ್ ಕೇಳಿದ್ರೂ "ಹ್ಞೂಂ", "ಗೊತ್ತಿಲ್ಲ", ಆಮೇಲೆ ರೂಮಿನ ಬಾಗಿಲು. ನಾನೇನು ತಪ್ಪು ಮಾಡಿದೆ? (ಒಬ್ಬ ಅಪ್ಪ, ಸುಂಟಿಕೊಪ್ಪ)

ಸರ್, ನೀವು ಅವನನ್ನ ಏನೇನು ಕೇಳ್ತೀರಿ ಅಂತ ಒಂದು ವಾರ ಲೆಕ್ಕ ಇಡಿ. ನಾನು ಇಟ್ಟಿದ್ದೆ. ಓದಿದ್ಯಾ, ಟೆಸ್ಟಲ್ಲಿ ಎಷ್ಟು ಬಂತು, ಊಟ ಆಯ್ತಾ, ಫೋನ್ ಇಟ್ಯಾ. ನಮ್ಮ ಮ್ಯಾನೇಜರ್ ನನ್ನನ್ನ ಹಿಂಗೆ ಕೇಳಿದ್ರೆ ನಾನೂ ಹ್ಞೂಂ ಅಂತಾನೇ ಅಂತೀನಿ.

ನನ್ನ ಮಗ ಬಾಯಿ ಬಿಟ್ಟಿದ್ದು ಕುಶಾಲನಗರ-ಸುಂಟಿಕೊಪ್ಪ ಮಧ್ಯದ ಆನೆಕಾಡು ಅರಣ್ಯದಲ್ಲಿ, ನಿಮಗೆ ಆ ರೋಡು ಮನೆ ಅಂಗಳ ಇದ್ದಂಗೆ. ಮಡಿಕೇರಿಯಿಂದ ವಾಪಸ್ ಬರ್ತಿದ್ವಿ, ಏಳೂವರೆ ಇರಬೇಕು, ಮುಂದೆ ನಾಲ್ಕೈದು ಗಾಡಿ ನಿಂತಿದೆ, ಆನೆ ದಾಟ್ತಿದೆ ಅಂದ್ರು. ಹೆಡ್‌ಲೈಟ್ ಆಫ್ ಮಾಡಿ ಕೂತ್ವಿ, ನನ್ನ ಫೋನು ಸತ್ತಿತ್ತು, ಅವನದ್ರಲ್ಲಿ ಸಿಗ್ನಲ್ ಇಲ್ಲ. ಇಬ್ರೂ ಮುಂದೆ ಕತ್ತಲೆ ನೋಡ್ಕೊಂಡು ಕೂತಿರುವಾಗ "ಅಪ್ಪ, ನಾನು ಪಿಯುಸಿಗೆ ಸೈನ್ಸ್ ತಗೊಳ್ಳಲ್ಲ" ಅಂದ. ನನ್ನ ಬಾಯಿಗೆ ಹತ್ತು ಮಾತು ಬಂತು. ಒಂದನ್ನೂ ಆಡ್ಲಿಲ್ಲ, ಆನೆ ಎಲ್ಲೋ ಹತ್ರದಲ್ಲಿದೆ ಅನ್ನೋ ಭಯಾನೂ ಸ್ವಲ್ಪ ಇತ್ತು ಅಂತಿಟ್ಕೊಳ್ಳಿ. ಅವನು ಇಪ್ಪತ್ತು ನಿಮಿಷ ಮಾತಾಡಿದ, ಫಿಸಿಕ್ಸ್ ಭಯ, ಟ್ಯೂಷನ್ನಲ್ಲಿ ಯಾರೋ ಆಡ್ಕೊಂಡಿದ್ದು, ಎಲ್ಲ. ಮುಖ ಮುಖ ನೋಡೋದಿಲ್ವಲ್ಲ, ಕಾರಲ್ಲಿ ಮಾತು ಸಲೀಸಾಗಿ ಬರುತ್ತೆ.

ಆಮೇಲೆ ಮನೆಗೆ ಬಂದು ನಾನು ಮಾಡಿದ ಘನಂದಾರಿ ಕೆಲಸ ಏನು ಅಂದ್ರೆ ಊಟಕ್ಕೆ ಕೂತಾಗ ಅವರಮ್ಮಂಗೆ, ಬಂದಿದ್ದ ಚಿಕ್ಕಮ್ಮಂಗೆ ಎಲ್ಲ ಹೇಳಿಬಿಟ್ಟೆ. ಎರಡು ತಿಂಗಳು ಮತ್ತೆ ಹ್ಞೂಂ, ಗೊತ್ತಿಲ್ಲ. ಹಾಗಾಗಿ ಅವನು ಹೇಳಿದ್ದನ್ನ ಹೊಟ್ಟೇಲಿ ಇಟ್ಕೊಳ್ಳಿ, ಅದೇ ಕಷ್ಟದ ಭಾಗ. ಮಾತಿಗೆ ಅಂತ ಕರೀಬೇಡಿ, ಬ್ಯಾಟರಿ ಚೇಂಜ್ ಮಾಡಿಸ್ಬೇಕು, ಮೆಣಸಿನ ಮೂಟೆ ಹಾಕ್ಬೇಕು, ಒಬ್ಬನಿಗೆ ಆಗಲ್ಲ ಬಾರೋ ಅಂತ ಕರ್ಕೊಂಡು ಹೋಗಿ. ಸುಳ್ಳು ನೆಪ ಹೇಳಿದ್ರೆ ಅವರಿಗೆ ಒಂದೇ ಸಲಕ್ಕೆ ಗೊತ್ತಾಗುತ್ತೆ, ನಿಜವಾಗ್ಲೂ ಆಗದ ಕೆಲಸವೇ ಇರಲಿ.

ಪ್ರಶ್ನೆ: ನಾನು ಮೈಸೂರಲ್ಲಿ. ಅಮ್ಮ ತೀರಿಹೋದ್ರು. ಅಪ್ಪ ಎಪ್ಪತ್ತಾರು, ನಾಪೋಕ್ಲು ಕಡೆ ನಾಲ್ಕು ಎಕರೆ ತೋಟದಲ್ಲಿ ಒಬ್ಬರೇ. ಎಷ್ಟು ಕರೆದ್ರೂ ಬರಲ್ಲ, ಈಗೀಗ ಫೋನಲ್ಲೂ ಎರಡೇ ಮಾತು. ಮಳೆಗಾಲ ಬಂದ್ರೆ ನನಗೆ ನಿದ್ದೆ ಇಲ್ಲ.

ನಿಮ್ಮ ಪತ್ರ ಎರಡು ಸಲ ಓದಿದೆ. ನನ್ನಪ್ಪನೂ ಹಿಂಗೇ ಇದ್ರು.

ಒಂದು ಸಲ ನಾವು ಹಠ ಮಾಡಿ ಕುಶಾಲನಗರಕ್ಕೆ ಕರ್ಕೊಂಡು ಬಂದ್ವಿ. ಒಳ್ಳೆ ರೂಮು, ಟಿವಿ, ಹತ್ರದಲ್ಲೇ ಆಸ್ಪತ್ರೆ. ಅವರು ಬೆಳಗ್ಗೆ ಐದಕ್ಕೆ ಎದ್ದು ಕಾಂಪೌಂಡ್ ಒಳಗೆ ಓಡಾಡೋರು, ಆಮೇಲೆ ಪಕ್ಕದ ಖಾಲಿ ಸೈಟಿನ ಕಾಡು ಕಡಿಯೋಕೆ ಶುರು ಮಾಡಿದ್ರು, ಅದರ ಓನರ್ ಯಾರೋ ನಮಗೇ ಗೊತ್ತಿಲ್ಲ. ಹತ್ತೊಂಬತ್ತನೇ ದಿನಕ್ಕೆ ಬ್ಯಾಗ್ ಹಿಡ್ಕೊಂಡು ಬಸ್‌ಸ್ಟ್ಯಾಂಡಿಗೆ ಹೋಗಿಬಿಟ್ರು.

ನನಗೆ ಆಗ ಸಿಟ್ಟು ಬಂದಿತ್ತು. ಆದ್ರೆ ಅವರ ವರ್ಷ ನಡೀತಿದ್ದದ್ದೇ ಬೇರೆ ಕ್ಯಾಲೆಂಡರಲ್ಲಿ. ಡಿಸೆಂಬರ್ ಕೊನೆಯಿಂದ ಫೆಬ್ರವರಿವರೆಗೂ ರೊಬಸ್ಟಾ ಕಾಫಿ ಕೊಯ್ಲು, ಕಣದಲ್ಲಿ ಹರಡಿದ್ದಕ್ಕೆ ರಾತ್ರಿ ಟಾರ್ಪಲ್ ಮುಚ್ಚೋದು, ಆಮೇಲೆ ಏಣಿ ಹಾಕಿ ಮೆಣಸು, ಆಮೇಲೆ ಕಾಫಿ ಹೂ ಅರಳಿಸೋ ಹೂಮಳೆಗೆ ಆಕಾಶ ನೋಡ್ಕೊಂಡು ಕೂರೋದು, ಮಳೆ ಬಿದ್ದು ಎಂಟ್ಹತ್ತು ದಿನಕ್ಕೆ ಇಡೀ ತೋಟ ಬೆಳ್ಳಗಾಗಿ ಆ ವಾಸನೆ, ಮತ್ತೆ ಮುಂಗಾರಿಗೆ ಮುಂಚೆ ಮರಗಸಿ, ಅಂದ್ರೆ ನೆರಳು ಮರಗಳ ಕೊಂಬೆ ಕಡಿಯೋದು. ಇಷ್ಟು ಬಿಟ್ಟು ಬಂದು ನಮ್ಮ ಟಿವಿ ಮುಂದೆ ಕೂತ್ರೆ ಅವರಿಗೆ ಇವತ್ತು ಯಾವ ತಿಂಗಳು ಅಂತಾನೇ ಗೊತ್ತಾಗ್ತಿರಲಿಲ್ಲ.

ನೀವು ದಿನಾ ಫೋನ್ ಮಾಡಿ ಊಟ ಆಯ್ತಾ ಮಾತ್ರೆ ತಗೊಂಡ್ರಾ ಅಂತೀರಿ ಅನ್ಸುತ್ತೆ, ಮೇಲಿನ ಹತ್ತನೇ ಕ್ಲಾಸ್ ಹುಡುಗಂಗೆ ಅವನಪ್ಪ ಕೇಳೋ ತರಾನೇ. ನಾನು ಒಂದಿನ ಬೇರೇನೂ ತೋಚದೆ, ಅಪ್ಪ ಮನೆ ಮುಂದೆ ಒಂದು ಸಿಲ್ವರ್ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸ್ಬೇಕು, ಯಾವಾಗ ನೆಡೋದು ಅಂದೆ. ಹದಿನೇಳು ನಿಮಿಷ ಮಾತಾಡಿದ್ರು, ಕಾಲ್ ಹಿಸ್ಟರಿ ನೋಡಿ ಹೇಳ್ತಿದ್ದೀನಿ. ಬಳ್ಳಿ ಸತ್ತುಹೋಯ್ತು, ನೀರು ನಿಂತಿತ್ತಂತೆ, ಅದಕ್ಕೆ ಬೈದಿದ್ದು ಇನ್ನೊಂದು ಹತ್ತು ನಿಮಿಷ.

ಭಯದ ವಿಷಯ ಬೇರೆ, ಅದನ್ನ ಮಾತಲ್ಲಿ ಕಳೆಯೋಕಾಗಲ್ಲ. ನಿಮ್ಮ ತೋಟ ಇಳಿಜಾರಲ್ಲಿದ್ರೆ, ಮನೆ ಹಿಂದೆ ಮಣ್ಣಿನ ಬರೆ ಇದ್ರೆ, 2018ರ ಭೂಕುಸಿತ ಆದ್ಮೇಲೆ ಧೈರ್ಯದ ಮಾತು ಹೇಳೋ ಮುಖ ನನಗಿಲ್ಲ. ಜುಲೈ ಆಗಸ್ಟ್ ಎರಡು ತಿಂಗಳು ಮಾತ್ರ ಬನ್ನಿ ಅಂತ ಕೇಳಿ, ಪೂರ್ತಿ ಬಿಟ್ಟು ಬನ್ನಿ ಅನ್ನಬೇಡಿ. ಬರದೇ ಇದ್ರೆ ಪಕ್ಕದ ಲೈನ್‌ಮನೆಯ ಕೆಲಸದೋರ ನಂಬರು ಇಬ್ಬರದ್ದಾದ್ರೂ ನಿಮ್ಮ ಹತ್ರ ಇರಲಿ, ಕರೆಂಟ್ ಹೋಗಿ ಟವರ್ ಆಫ್ ಆದಾಗ ಯಾರು ಬಂದು ನೋಡ್ತಾರೆ ಅಂತ ಮಳೆಗೆ ಮುಂಚೇನೇ ಮಾತಾಡಿಟ್ಕೊಳ್ಳಿ. ಕೊಯ್ಲಿಗೆ ನಾಲ್ಕು ದಿನ ರಜೆ ಹಾಕಿ ಹೋಗಿ, ಮಕ್ಕಳನ್ನೂ ಕರ್ಕೊಂಡು. ನೆಂಟರ ತರ ಕೂರಬೇಡಿ, ಕಣ ಗುಡಿಸಿ.

ಪ್ರಶ್ನೆ: ಎಲ್ಲರಿಗೂ ಬುದ್ಧಿ ಹೇಳ್ತೀರಲ್ಲ, ನಿಮ್ಮನೇಲಿ ಭಾನುವಾರ ಪಂದಿಕರಿ (ಹಂದಿ ಮಾಂಸದ ಸಾರು) ಯಾರು ಮಾಡೋದು? (ಗೋಣಿಕೊಪ್ಪ)

ನನ್ನ ಹೆಂಡತಿ. ಕೊನೇಲಿ ಕಾಚಂಪುಳಿ ಅನ್ನೋ ಹುಳಿ ರಸ ಹಾಕೋದು ನನ್ನ ಪಾಲಿಗೆ ಬಂದಿತ್ತು. ಹೋದ ತಿಂಗಳು ಫೋನ್ ನೋಡ್ಕೊಂಡು ಸುರಿದು ಇಡೀ ಪಾತ್ರೆ ಹುಳಿ ಮಾಡಿಟ್ಟೆ, ಈಗ ಆ ಬಾಟ್ಲು ಮಗನ ಕೈಗೆ ಹೋಗಿದೆ. ನನಗೆ ಈರುಳ್ಳಿ.