ಅಂಗವಿಕಲರ ಸಂಘಕ್ಕೆ ಅಧ್ಯಕ್ಷರಾಗಿ ಬನ್ನಿ ಅಂತ ಕರೆದಿದ್ದಾರೆ, ಒಪ್ಪಿಕೊಳ್ಳಬಹುದಾ?

ನೀವು ಕೇಳಿದ್ದು ಇಷ್ಟು. ಬ್ಯಾಂಕ್ ಕೆಲಸದಿಂದ ನಿವೃತ್ತರಾಗಿದ್ದೀರಿ. ನಿಮ್ಮ ತಾಲ್ಲೂಕಿನಲ್ಲಿ ಅಂಗವಿಕಲರ ಹಕ್ಕುಗಳಿಗಾಗಿ ಕೆಲಸ ಮಾಡುವ ಸಣ್ಣ ಸಂಘವೊಂದು ಅಧ್ಯಕ್ಷರಾಗಿ ಬನ್ನಿ ಎಂದು ಕರೆದಿದೆ. ಸಂಬಳ ಇಲ್ಲ. ನಿಮಗೆ ಅಂಗವೈಕಲ್ಯ ಇಲ್ಲ, ಮನೆಯಲ್ಲೂ ಯಾರಿಗೂ ಇಲ್ಲ. ಒಪ್ಪಿಕೊಳ್ಳಲಾ, ಕೆಲಸ ಏನಿರುತ್ತದೆ, ಎಷ್ಟು ಸಮಯ ಕೊಡಬೇಕು?

ಸಂಘಕ್ಕೆ ಹೋಗಿ ಸರ್. ಆದರೆ ಅಧ್ಯಕ್ಷರಾಗಬೇಡಿ. ಖಜಾಂಚಿ ಆಗಿ.

ಯಾಕೆ ಇಷ್ಟು ಖಂಡಿತವಾಗಿ ಹೇಳುತ್ತಿದ್ದೇನೆ ಅಂದರೆ, ನಾನು ಹಾಸನದಲ್ಲಿ ಇಂಥದ್ದೇ ಒಂದು ಸಂಘಕ್ಕೆ ಆರು ವರ್ಷ ಕಾರ್ಯದರ್ಶಿಯಾಗಿದ್ದೆ. ನನ್ನ ಮಗನಿಗೆ ಸೆರೆಬ್ರಲ್ ಪಾಲ್ಸಿ ಇದೆ, ಅಂದರೆ ಮೆದುಳಿಗಾದ ತೊಂದರೆಯಿಂದ ಕೈಕಾಲು ಹತೋಟಿಗೆ ಬರುವುದಿಲ್ಲ. ಅವನಿಗೆ ಈಗ 24 ವರ್ಷ. ಮಾತಿಲ್ಲ, ನಡೆಯುವುದಿಲ್ಲ, ಎಲ್ಲವೂ ಅರ್ಥವಾಗುತ್ತದೆ. ಅವನಿಗಾಗಿಯೇ ನಾನು ಸಂಘಕ್ಕೆ ಹೋಗಿದ್ದು. ಸಮಿತಿಯಲ್ಲಿ ಆಗ ಒಂಬತ್ತು ಜನ ಇದ್ದೆವು. ಒಬ್ಬರು ನಿವೃತ್ತ ಮೇಷ್ಟ್ರು, ಒಬ್ಬರು ಅಂಗಡಿಯವರು, ಒಬ್ಬರು ವಕೀಲರು, ಉಳಿದವರಲ್ಲಿ ನನ್ನಂಥ ತಂದೆ ತಾಯಂದಿರೇ ಜಾಸ್ತಿ. ಎಲ್ಲರೂ ಒಳ್ಳೆಯವರು. ಯಾರೂ ಒಂದು ರೂಪಾಯಿ ಮುಟ್ಟಿದವರಲ್ಲ.

ನಮ್ಮ ಸಭೆ ಒಂದು ಕಟ್ಟಡದ ಮೊದಲ ಮಹಡಿಯಲ್ಲಿ ನಡೆಯುತ್ತಿತ್ತು. ಜಾಗ ಕೊಟ್ಟವರು ಬಾಡಿಗೆ ಕೇಳಿರಲಿಲ್ಲ, ನಾವೂ ಸಂತೋಷದಿಂದ ಒಪ್ಪಿದ್ದೆವು. ಸರ್ವ ಸದಸ್ಯರ ಸಭೆಗೆ ಬಂದವರಲ್ಲಿ ಕೆಲವರಿಗೆ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಅವರು ಕೆಳಗೆ ಬೆಂಚಿನ ಮೇಲೆ ಕೂರುತ್ತಿದ್ದರು. ನಾನು ಹಾಜರಿ ಪುಸ್ತಕ ಹಿಡಿದು ಕೆಳಗೆ ಹೋಗಿ ಅವರ ಸಹಿ ಹಾಕಿಸಿಕೊಂಡು ಬರುತ್ತಿದ್ದೆ. ಸಭೆ ಮುಗಿದ ಮೇಲೆ ಊಟದ ಪೊಟ್ಟಣ ಕೆಳಗೇ ಕಳಿಸುತ್ತಿದ್ದೆವು. ಎರಡು ವರ್ಷ ಹೀಗೇ ನಡೆಯಿತು. ನಡವಳಿ ಪುಸ್ತಕ ತೆಗೆದು ನೋಡಿದರೆ ಅವರೆಲ್ಲ ಸಭೆಗೆ ಹಾಜರು.

ಮೂರನೇ ವರ್ಷ ಅರಕಲಗೂಡು ಕಡೆಯ ಒಬ್ಬ ಹೆಣ್ಣುಮಗಳು ಸಹಿ ಹಾಕಲಿಲ್ಲ. ಪೋಲಿಯೊದಿಂದ ಎರಡೂ ಕಾಲಿಗೆ ಆಸರೆಯ ಕ್ಯಾಲಿಪರ್ ಪಟ್ಟಿ ಹಾಕಿ, ಊರುಗೋಲು ಹಿಡಿದು ನಡೆಯುವವರು. ಎರಡು ಬಸ್ ಬದಲಾಯಿಸಿ ಬಂದಿದ್ದರು. "ಮೇಡಂ, ನಾನು ಸಭೆಗೆ ಬಂದಿಲ್ಲ. ಸಭೆಯ ಕೆಳಗೆ ಬಂದಿದ್ದೀನಿ. ಹಾಗಂತ ಬರೆದುಕೊಂಡರೆ ಸಹಿ ಹಾಕ್ತೀನಿ" ಅಂದರು. ಜೋರು ಮಾಡಲಿಲ್ಲ. ಪೆನ್ನು ನನ್ನ ಕೈಗೇ ವಾಪಸ್ ಕೊಟ್ಟರು.

ಆ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಾರನೇ ತಿಂಗಳು ಸಭೆಯನ್ನು ಒಂದು ಶಾಲೆಯ ನೆಲಮಹಡಿ ಕೋಣೆಗೆ ತಂದೆವು. ಆದರೆ ಅದಕ್ಕಿಂತ ದೊಡ್ಡ ಕೆಲಸ ಬೈಲಾ, ಅಂದರೆ ಸಂಘದ ನಿಯಮಾವಳಿ, ತಿದ್ದಿದ್ದು. ವಿಶೇಷ ಸಭೆ ಕರೆದೆವು. ಸಮಿತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅಂಗವಿಕಲರೇ ಇರಬೇಕು, ಅಧ್ಯಕ್ಷರು ಮತ್ತು ಕಾರ್ಯದರ್ಶಿ ಅವರೇ ಆಗಿರಬೇಕು, ಮೂರು ವರ್ಷಕ್ಕೊಮ್ಮೆ ಚುನಾವಣೆ, ಒಬ್ಬರಿಗೆ ಎರಡೇ ಅವಧಿ ಎಂದು ಠರಾವು ಮಾಡಿ ಸಂಘಗಳ ನೋಂದಣಾಧಿಕಾರಿಗೆ ಸಲ್ಲಿಸಿದೆವು. ನನ್ನ ಅವಧಿ ಮುಗಿಯುವವರೆಗೆ ಮಾತ್ರ ನಾನು ಕಾರ್ಯದರ್ಶಿಯಾಗಿ ಮುಂದುವರಿದೆ. ಅರಕಲಗೂಡಿನ ಅದೇ ಹೆಣ್ಣುಮಗಳು ಮುಂದಿನ ಚುನಾವಣೆಯಲ್ಲಿ ಅಧ್ಯಕ್ಷೆಯಾದರು.

ಇದರಿಂದ ಏನು ಬದಲಾಯಿತು ಅಂತ ನೀವು ಕೇಳಬಹುದು. ಒಂದು ಉದಾಹರಣೆ ಹೇಳುತ್ತೇನೆ.

ಒಂದು ಗ್ರಾಮ ಪಂಚಾಯಿತಿ ಕಚೇರಿಗೆ ಇಳಿಜಾರು ಬೇಕು ಅಂತ ನಾವು ಅರ್ಜಿ ಕೊಟ್ಟಿದ್ದೆವು. ಬಹಳ ಓಡಾಟದ ಮೇಲೆ ಕಟ್ಟಿಸಿದರು. ನಾನು ಹೋಗಿ ನೋಡಿ, ಫೋಟೊ ತೆಗೆದು, ಪಿಡಿಒ ಅವರಿಗೆ ಕೈಮುಗಿದು ಬಂದೆ. ಮುಂದಿನ ವಾರ ನಮ್ಮ ಸಮಿತಿಯ ಇನ್ನೊಬ್ಬರು ಹೋದರು. ಮರದಿಂದ ಬಿದ್ದು ಬೆನ್ನುಹುರಿಗೆ ಏಟಾಗಿ ವೀಲ್‌ಚೇರ್ ಬಳಸುವವರು. ಅವರು ಜೇಬಿನಿಂದ ಅಳತೆ ಟೇಪು ತೆಗೆದರು. ಒಂದೂವರೆ ಅಡಿ ಎತ್ತರಕ್ಕೆ ಐದಡಿ ಉದ್ದದ ಇಳಿಜಾರು! ನಿಯಮದ ಪ್ರಕಾರ ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು. ಅಂದರೆ ಅಲ್ಲಿಗೆ 18 ಅಡಿ. ಇದ್ದ ಇಳಿಜಾರಿನಲ್ಲಿ ಅವರು ಹತ್ತಲು ಹೋದರೆ ಕುರ್ಚಿ ಹಿಂದಕ್ಕೆ ಮಗುಚುತ್ತಿತ್ತು. ನನ್ನ ಕಣ್ಣಿಗೆ ಅದು ಕಂಡೇ ಇರಲಿಲ್ಲ. ನಾನು ಅದರ ಮೇಲೆ ಚಪ್ಪಲಿ ಹಾಕಿಕೊಂಡು ನಡೆದು ಹೋದವಳು. ಅವರು ಅಳತೆ ಬರೆದು ಹೊಸ ಅರ್ಜಿ ಕೊಟ್ಟರು. ಎಂಟು ತಿಂಗಳು ಹಿಡಿಯಿತು. ಈಗ ಅಲ್ಲಿ ಒಂದು ತಿರುವು ಕೊಟ್ಟು, ಕೈಹಿಡಿ ಹಾಕಿ, ಸರಿಯಾದ ಇಳಿಜಾರು ಕಟ್ಟಿದ್ದಾರೆ. ಮೊಣಕಾಲು ನೋವಿನ ಅಜ್ಜಿಯರು ಪಿಂಚಣಿ ಕೇಳಲು ಅದರ ಮೇಲೇ ಹೋಗುತ್ತಾರೆ.

ನೀವು ಒಳ್ಳೆಯ ಅಧ್ಯಕ್ಷರಾಗುತ್ತೀರಿ, ಅನುಮಾನ ಇಲ್ಲ. ಆದರೆ ನಿಮ್ಮ ಜೇಬಿನಲ್ಲಿ ಆ ಟೇಪು ಇರುವುದಿಲ್ಲ.

ಇನ್ನೊಂದು ತೊಂದರೆಯೂ ಇದೆ. ನಿವೃತ್ತ ಮ್ಯಾನೇಜರ್ ಒಬ್ಬರು ಕುರ್ಚಿಯಲ್ಲಿ ಕೂತರೆ ಎಲ್ಲರೂ ಅವರ ಮುಖ ನೋಡುತ್ತಾರೆ. ಅಧಿಕಾರಿಗಳು ಅವರ ಜೊತೆಗೇ ಮಾತಾಡುತ್ತಾರೆ. ನಮ್ಮ ಅಧ್ಯಕ್ಷೆಯ ಜೊತೆ ನಾನು ಕಚೇರಿಗಳಿಗೆ ಹೋದಾಗ, ಮೇಜಿನ ಆಚೆ ಇದ್ದವರು "ಇವರಿಗೆ ಏನಾಗಬೇಕಂತೆ?" ಅಂತ ನನ್ನನ್ನು ಕೇಳಿದ್ದು ಲೆಕ್ಕವಿಲ್ಲ. ಅವರು ಪಕ್ಕದಲ್ಲೇ ಕೂತಿರುತ್ತಿದ್ದರು. ಕೊನೆಗೆ ನಾನು ಒಳಗೆ ಹೋಗುವುದನ್ನೇ ಬಿಟ್ಟೆ. ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದೆ. ಆಮೇಲೆ ಅವರನ್ನೇ ಕೇಳಲು ಶುರು ಮಾಡಿದರು.

ಕೆಲಸ ಏನಿರುತ್ತದೆ ಅಂತ ಕೇಳಿದ್ದೀರಿ. ಡಿಸೆಂಬರ್ 3ಕ್ಕೆ ವಿಶ್ವ ಅಂಗವಿಕಲರ ದಿನ. ಶಾಲು, ಕಂಬಳಿ, ಭಾಷಣ. ನಮ್ಮ ಜಿಲ್ಲೆಯ ಎಚ್.ಎನ್. ಗಿರೀಶ್ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತದಲ್ಲಿ ಬೆಳ್ಳಿ ಗೆದ್ದ ಮೇಲೆ ಪ್ರತಿ ವೇದಿಕೆಯಲ್ಲೂ ಅವರ ಹೆಸರು ಬರುತ್ತದೆ. ಆ ಪದಕ ನಮಗೆಲ್ಲ ಹೆಮ್ಮೆ. ಆದರೆ "ಮನಸ್ಸಿದ್ದರೆ ಏನು ಬೇಕಾದರೂ ಸಾಧಿಸಬಹುದು" ಎಂದು ಅತಿಥಿಗಳು ಹೇಳಿ ಹೊರಟ ಮೇಲೆ ಬಸ್ಸಿನ ಮೆಟ್ಟಿಲು ಅಷ್ಟೇ ಎತ್ತರ ಇರುತ್ತದೆ. ಹಾಗಾಗಿ ಆ ದಿನದ ಕಾರ್ಯಕ್ರಮವನ್ನು ನಾವು ಚಿಕ್ಕದು ಮಾಡಿದೆವು.

ಉಳಿದ ಕೆಲಸ ಕಾನೂನು ಓದುವುದು, ಕಾಗದ ಬರೆಯುವುದು, ಮತ್ತೆ ಹೋಗಿ ಕೇಳುವುದು. 1995ರ ಹಳೇ ಕಾನೂನಿನಲ್ಲಿ ಏಳು ಬಗೆಯ ಅಂಗವೈಕಲ್ಯ ಮಾತ್ರ ಇತ್ತು. 2016ರ ಕಾನೂನಿನಲ್ಲಿ 21 ಇವೆ. ಥಲಸ್ಸೀಮಿಯ, ಪಾರ್ಕಿನ್‌ಸನ್ಸ್, ಆಸಿಡ್ ದಾಳಿಗೆ ಒಳಗಾದವರು, ಕಲಿಕೆಯ ತೊಂದರೆ ಇರುವ ಮಕ್ಕಳು ಎಲ್ಲ ಇದರೊಳಗೆ ಬಂದರು. ಅಂಗವೈಕಲ್ಯ ಶೇ 40 ಅಥವಾ ಅದಕ್ಕಿಂತ ಹೆಚ್ಚು ಎಂದು ಪ್ರಮಾಣಪತ್ರ ಇದ್ದರೆ ಸರ್ಕಾರಿ ಕೆಲಸದಲ್ಲಿ ಶೇ 4, ಉನ್ನತ ಶಿಕ್ಷಣದಲ್ಲಿ ಶೇ 5 ಮೀಸಲಾತಿ ಇದೆ. ತಮ್ಮ ಮಗು ಇದರೊಳಗೆ ಬರುತ್ತದೆ ಅಂತಲೇ ಎಷ್ಟೋ ಮನೆಗಳಿಗೆ ಗೊತ್ತಿಲ್ಲ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿಸುವುದು, ತಪಾಸಣೆಯ ದಿನ ಜೊತೆಗೆ ಹೋಗುವುದು, ತಾಲ್ಲೂಕು ಆಸ್ಪತ್ರೆಯಲ್ಲೇ ತಪಾಸಣೆ ಶಿಬಿರ ಮಾಡಿ ಅಂತ ಕೇಳುವುದು, ಇದೆಲ್ಲ ಮುಗಿಯದ ಕೆಲಸ. ಸಕಲೇಶಪುರದ ಒಳಗಿನ ಎಸ್ಟೇಟಿನಿಂದ ಮಗುವನ್ನು ಎತ್ತಿಕೊಂಡು ಹಾಸನಕ್ಕೆ ಬಂದ ತಾಯಿಯನ್ನು "ನಾಳೆ ಬನ್ನಿ" ಅಂತ ಕಳಿಸಿದರೆ ಆಕೆಗೆ ಎರಡು ದಿನದ ಕೂಲಿ ಹೋಯಿತು ಅಂತ ಅರ್ಥ.

ಪಂಚಾಯಿತಿಗಳು ಅಂಗವಿಕಲರಿಗೆಂದು ಶೇ 5ರಷ್ಟು ಹಣ ತೆಗೆದಿಡಬೇಕು. ಅದು ಎಲ್ಲಿ ಹೋಯಿತು ಅಂತ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಹತ್ತು ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಬರಬೇಕು. ಮುಖ್ಯವಾಗಿ ಒಂದು ಮಾತು. ಯಾವ ಅರ್ಜಿ ಕೊಟ್ಟರೂ ಎರಡು ಪ್ರತಿ ಒಯ್ಯಿರಿ, ಕಚೇರಿಯ ಟಪಾಲು ವಿಭಾಗದಲ್ಲಿ ಒಂದರ ಮೇಲೆ ಸೀಲು ಮತ್ತು ತಾರೀಕು ಹಾಕಿಸಿಕೊಳ್ಳಿ. ಬಾಯಿಮಾತಿನ ಭರವಸೆ ಅಧಿಕಾರಿ ವರ್ಗವಾದ ದಿನ ಮುಗಿಯುತ್ತದೆ. ಸೀಲಿರುವ ಕಾಗದ ಮುಂದೆ ಬಂದವರ ಮೇಜಿನ ಮೇಲೂ ಇಡಬಹುದು. ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಅವರೂ ಅಂಗವಿಕಲರೇ. ಬಹಳ ಕಡಿಮೆ ಗೌರವಧನಕ್ಕೆ ದುಡಿಯುತ್ತಾರೆ. ಯಾವ ಮನೆಯಲ್ಲಿ ಯಾರಿದ್ದಾರೆ ಅಂತ ಅವರಷ್ಟು ಚೆನ್ನಾಗಿ ಯಾರಿಗೂ ಗೊತ್ತಿರುವುದಿಲ್ಲ. ಮೊದಲು ಅವರ ಪರಿಚಯ ಮಾಡಿಕೊಳ್ಳಿ.

ಅಂಗವಿಕಲರಿಗೆ ಯಾವ ಪದ ಬಳಸಬೇಕು ಅನ್ನೋದನ್ನೂ ಸಂಘದ ಸದಸ್ಯರನ್ನೇ ಕೇಳಿ. ಇಲಾಖೆಯ ಹೆಸರಿನಲ್ಲಿ ವಿಕಲಚೇತನ ಅಂತಿದೆ. ನಮ್ಮ ಸದಸ್ಯರಿಗೆ ಅದು ಹಿಡಿಸಲಿಲ್ಲ. "ಕಾಲು ಸರಿ ಇಲ್ಲ, ಒಪ್ತೀವಿ. ಚೇತನ ಯಾಕೆ ವಿಕಲ ಆಗುತ್ತೆ?" ಅಂತ ಕೇಳಿದರು. ನಮ್ಮ ಸಂಘದ ಕಾಗದಗಳಲ್ಲಿ ಅಂಗವಿಕಲರು ಅಂತಲೇ ಬರೆಯುತ್ತೇವೆ.

ತಂದೆ ತಾಯಂದಿರ ಬಗ್ಗೆಯೂ ಒಂದು ವಿಷಯ ಹೇಳಬೇಕು, ನಿಮ್ಮ ಸಮಿತಿಯಲ್ಲೂ ಇರುತ್ತಾರೆ. ನನ್ನ ಮಗನಿಗೆ 18 ತುಂಬಿದಾಗ ಬ್ಯಾಂಕಿನಲ್ಲಿ ಕಾನೂನು ಪೋಷಕರ ಪತ್ರ ತನ್ನಿ ಅಂದರು. 1999ರ ನ್ಯಾಷನಲ್ ಟ್ರಸ್ಟ್ ಕಾನೂನಿನಲ್ಲಿ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ ಹೀಗೆ ಪೋಷಕರನ್ನು ನೇಮಿಸಬಹುದು. ಜಿಲ್ಲಾಧಿಕಾರಿಯವರ ಸ್ಥಳೀಯ ಸಮಿತಿ ಅದನ್ನು ಮಾಡುತ್ತದೆ. ನಾನು ಅರ್ಜಿ ತುಂಬಿಕೊಂಡು ಹೋಗಿ ಅಧ್ಯಕ್ಷೆಗೆ ತೋರಿಸಿದೆ. ಅವರು ಓದಿ, "ಅವನನ್ನ ಕೇಳಿದ್ರಾ?" ಅಂದರು. ನಾನು ಕೇಳಿರಲಿಲ್ಲ. ಹದಿನೆಂಟು ವರ್ಷ ಅವನ ಎಲ್ಲ ಮಾತು ನಾನೇ ಆಡಿದ್ದೆ.

ಹೌದು ಅಂದರೆ ಅವನು ಕಣ್ಣು ಮೇಲೆತ್ತುತ್ತಾನೆ. ಆ ಸಂಜೆ ಒಂದೊಂದೇ ಕೇಳಿದೆ. ಬ್ಯಾಂಕಿನ ಸಹಿ ಅಮ್ಮ ಹಾಕಲಾ? ಕಣ್ಣು ಮೇಲೆತ್ತಿದ. ಪಾಸ್‌ಬುಕ್ ಅಮ್ಮನ ಹತ್ತಿರ ಇರಲಾ? ಎತ್ತಲಿಲ್ಲ. ಈಗಲೂ ಅದು ಅವನ ವೀಲ್‌ಚೇರಿನ ಹಿಂದಿನ ಚೀಲದಲ್ಲಿರುತ್ತದೆ. ಹಣ ತೆಗೆಯುವ ಮುಂಚೆ ಯಾಕೆ ಅಂತ ಅವನಿಗೆ ಹೇಳಿ, ಅವನು ಒಪ್ಪಿದ ಮೇಲೇ ಹೋಗುತ್ತೇನೆ. ಈಗ ಸಂಘದಲ್ಲಿ ಪೋಷಕರ ಅರ್ಜಿ ತುಂಬುವಾಗ ಮೊದಲ ಪ್ರಶ್ನೆ ಮಗ ಅಥವಾ ಮಗಳಿಗೇ.

ಇನ್ನು ನಿಮ್ಮ ಕೆಲಸ, ಅಂದರೆ ಖಜಾಂಚಿ ಕೆಲಸ. ಸಣ್ಣ ಸಂಘಗಳು ಮುಚ್ಚಿಹೋಗುವುದು ಬಹುತೇಕ ಇಲ್ಲೇ. ರಸೀದಿ ಪುಸ್ತಕ, ನಗದು ಪುಸ್ತಕ, ಚೆಕ್ಕಿಗೆ ಎರಡು ಸಹಿ, ವರ್ಷಕ್ಕೊಮ್ಮೆ ಆಡಿಟ್, ನೋಂದಣಾಧಿಕಾರಿಗೆ ಲೆಕ್ಕ ಮತ್ತು ಸಮಿತಿಯ ಪಟ್ಟಿ ಸಲ್ಲಿಕೆ. ಸಂಘಕ್ಕೂ ದಾನಿಗಳಿಗೂ ತೆರಿಗೆ ವಿನಾಯಿತಿ ಸಿಗುವ ಆದಾಯ ತೆರಿಗೆ ನೋಂದಣಿ ಇಲ್ಲದಿದ್ದರೆ ಮಾಡಿಸಿ. ಇದು ನಿಮಗೆ ಕೈಬಂದ ವಿದ್ಯೆ, ನಮ್ಮಂಥ ಸಂಘಗಳಿಗೆ ಸಿಗದ ವಿದ್ಯೆ. ಇನ್ನೂ ಒಂದು ಮಾಡಿ. ಸಮಿತಿಯ ಇಬ್ಬರು ಅಂಗವಿಕಲ ಸದಸ್ಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಲೆಕ್ಕ ಬರೆಯುವುದನ್ನು ಕಲಿಸಿ. ಮೂರು ವರ್ಷದ ಮೇಲೆ ಅವರಲ್ಲಿ ಒಬ್ಬರು ಖಜಾಂಚಿ ಆಗಲಿ.

ಬಜೆಟ್ಟಿನಲ್ಲಿ ಓಡಾಟದ ಖರ್ಚಿಗೆ ಮೊದಲ ಜಾಗ ಕೊಡಿ. ಸ್ವಯಂಸೇವೆ ಅಂದರೆ ಕೈಯಿಂದ ಖರ್ಚು ಹಾಕಿಕೊಳ್ಳುವುದು ಅಂತ ನಾವು ಮೊದಲು ಅಂದುಕೊಂಡಿದ್ದೆವು. ಹಾಗೆ ಮಾಡಿದರೆ ಅನುಕೂಲಸ್ಥರು ಮಾತ್ರ ಸಮಿತಿಯಲ್ಲಿ ಉಳಿಯುತ್ತಾರೆ. ಅಂಗವಿಕಲ ಸದಸ್ಯರಿಗೆ ರಿಯಾಯಿತಿ ಬಸ್ ಪಾಸ್ ಇದ್ದರೂ ಜೊತೆಗೆ ಬರುವವರ ಟಿಕೆಟ್, ನಿಲ್ದಾಣದಿಂದ ಆಟೊ, ಆ ದಿನದ ಕೂಲಿ ಎಲ್ಲ ಇರುತ್ತದೆ. ನಾವೀಗ ಆಟೊ ಮತ್ತು ಜೊತೆಯವರ ಖರ್ಚನ್ನು ಸಂಘದಿಂದಲೇ ಕೊಡುತ್ತೇವೆ. ದಾನಿಗಳಲ್ಲಿ ಒಬ್ಬರು ಇದನ್ನು ದುಂದು ಎಂದರು. ನನ್ನ ಪ್ರಕಾರ ನಾವು ಖರ್ಚು ಮಾಡುವ ಹಣದಲ್ಲಿ ಇದಕ್ಕಿಂತ ಸಾರ್ಥಕವಾದದ್ದು ಇಲ್ಲ.

ಸಭೆಯ ಕಾಗದಗಳನ್ನು ವಾಟ್ಸಾಪಿನಲ್ಲಿ ಫೋಟೊ ತೆಗೆದು ಕಳಿಸಬೇಡಿ, ಟೈಪ್ ಮಾಡಿ ಕಳಿಸಿ. ಟೈಪ್ ಮಾಡಿದ್ದನ್ನು ಕಣ್ಣು ಕಾಣದ ಸದಸ್ಯರಿಗೆ ಫೋನೇ ಓದಿ ಹೇಳುತ್ತದೆ, ಫೋಟೊ ಅಷ್ಟು ಸರಿಯಾಗಿ ಓದಲು ಬರುವುದಿಲ್ಲ. ಕಿವಿ ಕೇಳದವರು ಇದ್ದರೆ ಸಂಜ್ಞಾ ಭಾಷೆ ಬಲ್ಲವರನ್ನು ಕರೆಸಿ, ಒಬ್ಬರು ಮಾತಾಡುವಾಗ ಇನ್ನೊಬ್ಬರು ಮಾತಾಡದ ಹಾಗೆ ನೋಡಿಕೊಳ್ಳಿ.

ಸಮಯದ ಬಗ್ಗೆ ಕೇಳಿದ್ದೀರಿ. ತಿಂಗಳಿಗೆ ಎರಡು ಭಾನುವಾರ, ಜೊತೆಗೆ ವಾರದಲ್ಲಿ ಒಂದು ಬೆಳಿಗ್ಗೆ ಯಾವುದಾದರೂ ಕಚೇರಿಗೆ. ಮಾರ್ಚ್, ಏಪ್ರಿಲ್‌ನಲ್ಲಿ ಲೆಕ್ಕ ಮುಗಿಸಲು ಜಾಸ್ತಿ ಬೇಕು. ದೊಡ್ಡ ಸಭೆಯನ್ನು ಡಿಸೆಂಬರ್, ಜನವರಿಯಲ್ಲಿ ಇಡಬೇಡಿ, ಕಾಫಿ ಕೊಯ್ಲಿಗೆ ಹೋಗುವವರು ಬರಲಾರರು. ನಾವು ಹಾಸನಾಂಬೆ ಬಾಗಿಲು ತೆರೆದಿರುವ ದಿನಗಳನ್ನೂ ಬಿಡುತ್ತೇವೆ, ಆ ಜನಜಂಗುಳಿಯಲ್ಲಿ ವೀಲ್‌ಚೇರ್ ತಳ್ಳಲು ಆಗುವುದಿಲ್ಲ. ಸಭೆಯನ್ನು ಸಂಜೆ ನಾಲ್ಕಕ್ಕೆ ಮುಗಿಸಿ. ದೂರದ ಊರಿನವರು ಕತ್ತಲಾಗುವ ಮುಂಚೆ ಬಸ್ ಹತ್ತಬೇಕು.

ಒಪ್ಪಿಕೊಳ್ಳುವ ಮುಂಚೆ ಒಂದು ಸಭೆಗೆ ಸುಮ್ನೆ ಹೋಗಿ ಹಿಂದೆ ಕೂತು ನೋಡಿ. ಹಳೇ ನಡವಳಿ ಪುಸ್ತಕ ಕೇಳಿ ಓದಿ. ಯಾರ ಮಾತು ಬರೆದಿದ್ದಾರೆ, ಯಾರ ಸಹಿ ಮಾತ್ರ ಇದೆ ಅಂತ ಗಮನಿಸಿ. ಆಮೇಲೆ ನಿಮ್ಮನ್ನು ಕರೆದವರಿಗೆ, ಈ ಅಧ್ಯಕ್ಷ ಸ್ಥಾನಕ್ಕೆ ನಿಮ್ಮಲ್ಲೇ ಯಾರು ಸರಿ ಅಂತ ಕೇಳಿ. ಒಂದು ಹೆಸರು ಬಂದೇ ಬರುತ್ತದೆ. ಅವರ ಪಕ್ಕದ ಕುರ್ಚಿಯಲ್ಲಿ ಲೆಕ್ಕದ ಪುಸ್ತಕ ಹಿಡಿದು ನೀವು ಕೂತುಕೊಳ್ಳಿ.