ಪ್ರತಿಕ್ರಿಯೆ: ಅರ್ಧಕ್ಕೆ ನಿಲ್ಲದೆ ಬೀಳುವ ಶಟರ್

ಮೂಡಿಗೆರೆಯ ನಿಮ್ಮ ಕಾರ್ ಶೆಡ್ಡಿನ ಶಟರ್ ಮಳೆಗಾಲದಲ್ಲಿ ಬಿಗಿಯಾಗುತ್ತೆ, ಅರ್ಧ ಎತ್ತಿ ಬಿಟ್ಟರೆ ಧಡ್ ಅಂತ ಬೀಳುತ್ತೆ, ಗ್ರೀಸ್ ಹಚ್ಚಲಾ ಅಂತ ಕೇಳಿದ್ದೀರಿ. ಇವು ಎರಡು ಬೇರೆ ತೊಂದರೆ.

ಬೀಳೋದು ಸ್ಪ್ರಿಂಗಿನ ದೋಷ. ಶಟರಿನ ಭಾರ ಹೊರೋದು ಮೇಲಿನ ಪೈಪಿಗೆ ಸುತ್ತಿರುವ ಸ್ಪ್ರಿಂಗ್. ಸರಿಯಿದ್ದರೆ ಸೊಂಟದೆತ್ತರದಲ್ಲಿ ಬಿಟ್ಟರೂ ಹೆಚ್ಚುಕಮ್ಮಿ ಅಲ್ಲೇ ನಿಲ್ಲಬೇಕು. ನಿಮ್ಮದು ಸಡಿಲಾಗಿದೆ, ಇಲ್ಲವೇ ತುಂಡಾಗಿದೆ. ಬೋಲ್ಟ್ ನೀವೇ ಬಿಚ್ಚಬೇಡಿ: ಬಿಗಿದ ಸ್ಪ್ರಿಂಗ್ ಒಮ್ಮೆಲೇ ಬಿಚ್ಚಿಕೊಂಡರೆ ಕೈ ಮುರಿದೀತು. ಶಟರ್ ಕೆಲಸದವರನ್ನೇ ಕರೆಸಿ. ಅಲ್ಲಿವರೆಗೆ ಮಕ್ಕಳು ಅದರಡಿ ನುಸುಳದಿರಲಿ.

ಬಿಗಿತಕ್ಕೆ ಕಾರಣ ಪಕ್ಕದ ಚಾನೆಲ್‌ನ (ಶಟರ್ ಮೇಲೆ ಕೆಳಗೆ ಜಾರುವ ಕಬ್ಬಿಣದ ಗಾಡಿ) ತುಕ್ಕು, ಕೆಸರು. ಅಲ್ಲಿಗೆ ಗ್ರೀಸ್ ಬೇಡ, ದೂಳು ಅಂಟಿ ಗಟ್ಟಿಯಾಗುತ್ತೆ. ವೈರ್ ಬ್ರಷ್‌ನಲ್ಲಿ ಉಜ್ಜಿ, ಒಣ ಬಟ್ಟೆಯಲ್ಲಿ ಒರೆಸಿ, ಸಿಲಿಕಾನ್ ಸ್ಪ್ರೇ ತೆಳುವಾಗಿ ಹೊಡೆಯಿರಿ. ತಳಪಟ್ಟಿಗೆ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಬಳಿಯೋದಿದ್ದರೆ ಮೇ ಒಳಗೇ ಮುಗಿಸಿ. ಮಳೆ ಹಿಡಿದ ಮೇಲೆ ನಿಮ್ಮೂರಲ್ಲಿ ಬಟ್ಟೆಯೇ ಒಣಗಲ್ಲ, ಇನ್ನು ಬಣ್ಣ!